ಬಫಲೋದ ಚಳಿಗಾಲ: ಹೊಸದಾಗಿ ಬಂದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಎರಿ ಸರೋವರದ ದಡದಲ್ಲಿ ಬಫಲೋ ಇದೆ. ಪ್ರತಿ ಆಗಸ್ಟ್‌ನಲ್ಲಿ ಕರ್ನಾಟಕದಿಂದ ಒಂದಷ್ಟು ವಿದ್ಯಾರ್ಥಿಗಳು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬರುತ್ತಾರೆ. ಕೆಲಸ ಸಿಕ್ಕಿ ಸಂಸಾರ ಸಮೇತ ಬರುವವರೂ ಇದ್ದಾರೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಊರಿನ ದಕ್ಷಿಣಕ್ಕಿರುವ ಸೌತ್‌ಟೌನ್ಸ್ ಕಡೆ ಬಹಳ ವರ್ಷಗಳಿಂದ ಇದ್ದೇನೆ. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಬಿದ್ದ ಹಿಮ ಅಳೆದು ಕಳಿಸುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಇಲ್ಲಿ ನೆಮ್ಮದಿಯಾಗಿ ಬದುಕಬೇಕಾದರೆ ಊರಿನ ಹವಾಮಾನ ಗೊತ್ತಿದ್ದರೆ ಸಾಲದು, ನಿಮ್ಮ ಬೀದಿಯ ಹವಾಮಾನ ಗೊತ್ತಿರಬೇಕು. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

ಬಫಲೋದಲ್ಲಿ ವರ್ಷಕ್ಕೆ ಎಷ್ಟು ಸ್ನೋ ಬೀಳುತ್ತದೆ?

ವಿಮಾನ ನಿಲ್ದಾಣದ ಲೆಕ್ಕದಲ್ಲಿ ಸರಾಸರಿ 95 ಇಂಚು, ಅಂದರೆ ಸುಮಾರು ಎಂಟು ಅಡಿ. ಅತಿ ಹೆಚ್ಚು ಬಿದ್ದದ್ದು 1976-77ರ ಚಳಿಗಾಲದಲ್ಲಿ, 199.4 ಇಂಚು. ಎಂಟಡಿ ಅಂದ ತಕ್ಷಣ ಗಾಬರಿ ಬೇಡ. ಅದು ಐದಾರು ತಿಂಗಳಲ್ಲಿ ಹಂಚಿ ಬೀಳುತ್ತದೆ, ನಡುನಡುವೆ ಕರಗುತ್ತದೆ. ನೆಲದ ಮೇಲೆ ಒಟ್ಟಿಗೆ ಅಷ್ಟು ಎತ್ತರ ನಿಂತಿರುವುದಿಲ್ಲ.

ಆದರೆ ಸರಾಸರಿಯನ್ನು ನಂಬಿ ಕೂರುವ ಹಾಗೂ ಇಲ್ಲ. 2001ರ ಕ್ರಿಸ್ಮಸ್ ವಾರದಲ್ಲಿ ಕೆಲವೇ ದಿನಗಳಲ್ಲಿ ಹತ್ತಿರ ಹತ್ತಿರ 82 ಇಂಚು ಬಿತ್ತು. ಒಂದು ಚಳಿಗಾಲದ ಬಹುಪಾಲು ಒಂದೇ ವಾರದಲ್ಲಿ!

ಇಲ್ಲಿ ಮಾತ್ರ ಯಾಕೆ ಇಷ್ಟೊಂದು?

ಕಾರಣ ಸರೋವರ. ಬೇಸಿಗೆಯೆಲ್ಲ ಬಿಸಿಲು ಕುಡಿದ ಎರಿ ಸರೋವರದ ನೀರು ನವೆಂಬರ್‌ನಲ್ಲೂ ಬೇಗ ತಣ್ಣಗಾಗುವುದಿಲ್ಲ. ಆಗ ಕೆನಡಾ ಕಡೆಯಿಂದ ಕೊರೆಯುವ ಗಾಳಿ ಬಂದು ಆ ನೀರಿನ ಮೇಲೆ ಹಾಯುತ್ತದೆ. ಕೆಳಗಿನಿಂದ ಶಾಖ, ತೇವ ಎರಡೂ ಸಿಗುತ್ತವೆ. ಗಾಳಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ, ದಡ ಮುಟ್ಟಿದ ಕೂಡಲೇ ಹಿಮ ಸುರಿಯುತ್ತದೆ. ಇದನ್ನೇ ಲೇಕ್ ಎಫೆಕ್ಟ್ ಸ್ನೋ ಅನ್ನುತ್ತಾರೆ.

ಹವಾಮಾನದವರು ಬಳಸುವ ಒಂದು ಅಂದಾಜು ನಿಮಗೂ ಉಪಯೋಗಕ್ಕೆ ಬರುತ್ತದೆ. ಸರೋವರದ ಮೇಲ್ಮೈ ನೀರಿಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ ನಡುವೆ 13 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಅಂತರ ಇದ್ದರೆ ಲೇಕ್ ಎಫೆಕ್ಟ್‌ಗೆ ದಾರಿ ಸಿದ್ಧವಾಗಿದೆ ಎಂದರ್ಥ. ನೀರಿನ ಉಷ್ಣತೆಯನ್ನು ಬಫಲೋದಲ್ಲಿ 1927ರಿಂದಲೂ ದಾಖಲಿಸುತ್ತಾ ಬಂದಿದ್ದಾರೆ. ಇವತ್ತಿನ ಅಂಕಿ ರಾಷ್ಟ್ರೀಯ ಹವಾಮಾನ ಸೇವೆಯ ಬಫಲೋ ಕಚೇರಿಯ ಪುಟದಲ್ಲಿ ಸಿಗುತ್ತದೆ. ನವೆಂಬರ್‌ನಲ್ಲಿ ನೀರು ಇನ್ನೂ ಬೆಚ್ಚಗಿದ್ದು, ಜೋರು ಚಳಿ ಗಾಳಿಯ ಸೂಚನೆ ಇದ್ದರೆ, ಆ ವಾರ ಅಂಗಡಿ ಕೆಲಸ ಬೇಗ ಮುಗಿಸಿಕೊಳ್ಳಿ.

ಪಕ್ಕದ ಊರಲ್ಲಿ ಐದಡಿ ಬಿತ್ತಂತೆ, ನಮ್ಮಲ್ಲಿ ಬಿಸಿಲು! ಇದು ಹೇಗೆ ಸಾಧ್ಯ?

ಲೇಕ್ ಎಫೆಕ್ಟ್ ಹಿಮ ಊರಿಗೆಲ್ಲ ಒಂದೇ ಸಮ ಬೀಳುವುದಿಲ್ಲ. ಅದು ಪಟ್ಟಿಯಾಗಿ ಬರುತ್ತದೆ. ಪಟ್ಟಿಯ ಉದ್ದ ನೂರಾರು ಕಿಲೋಮೀಟರ್ ಇರಬಹುದು, ಅಗಲ ಮಾತ್ರ ಹತ್ತು, ಇಪ್ಪತ್ತು ಕಿಲೋಮೀಟರ್ ಅಷ್ಟೇ. ಒಳಗಿದ್ದವರಿಗೆ ಗಂಟೆಗೆ ಮೂರು ಇಂಚು, ಕೆಲವೊಮ್ಮೆ ಗುಡುಗು ಮಿಂಚು ಕೂಡ. ಹೊರಗಿದ್ದವರು ದೂರದಲ್ಲಿ ಬಿಳಿ ಗೋಡೆ ನಿಂತದ್ದನ್ನು ನೋಡುತ್ತಾ ನಿಲ್ಲಬಹುದು. 2014ರ ನವೆಂಬರ್‌ನಲ್ಲಿ ನಗರದ ಪೂರ್ವಕ್ಕಿರುವ ಲಂಕಾಸ್ಟರ್, ಚೀಕ್ಟವಾಗ ಕಡೆ ಐದಡಿಗೂ ಮೀರಿ ಬಿತ್ತು. ಅದೇ ಹೊತ್ತಿಗೆ ನಗರದ ಉತ್ತರ ಭಾಗದಲ್ಲಿ ಕೆಲವೇ ಇಂಚು. 2022ರ ನವೆಂಬರ್‌ನಲ್ಲಿ ದಕ್ಷಿಣದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್‌ನಲ್ಲಿ ಸುಮಾರು 80 ಇಂಚು.

ಪಟ್ಟಿ ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸುವುದು ಗಾಳಿಯ ದಿಕ್ಕು. ಎರಿ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿಲೋಮೀಟರ್ ಉದ್ದಕ್ಕೆ ಮಲಗಿದೆ. ಗಾಳಿ ಆ ಉದ್ದಕ್ಕೇ ಬೀಸಿದರೆ ನೀರಿನ ಮೇಲೆ ಅತಿ ದೂರ ಹಾದು ಬರುತ್ತದೆ, ಹಿಮದ ಪಟ್ಟಿಯೂ ಅಷ್ಟೇ ಬಲವಾಗುತ್ತದೆ. ಗಾಳಿ ಎಲ್ಲಿಂದ ಬರುತ್ತದೋ ಆ ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಡಿಗ್ರಿಯಲ್ಲಿ ಎಣಿಸುತ್ತಾರೆ. ಅದು 240ರಿಂದ 250 ಡಿಗ್ರಿ, ಅಂದರೆ ನೈಋತ್ಯ, ಇದ್ದರೆ ನಗರ ಮತ್ತು ಆಮ್ಹರ್ಸ್ಟ್‌ನಂಥ ಉತ್ತರದ ಬಡಾವಣೆಗಳಿಗೆ ಹೊಡೆತ. ಪಶ್ಚಿಮದ ಕಡೆಗೆ ಇನ್ನೂ ಸ್ವಲ್ಪ ತಿರುಗಿದರೆ ನಮ್ಮ ಸೌತ್‌ಟೌನ್ಸ್‌ಗೆ. ದಕ್ಷಿಣದ ಕಡೆ ತಿರುಗಿದರೆ ಗ್ರ್ಯಾಂಡ್ ಐಲ್ಯಾಂಡ್, ನಯಾಗರಾ ಕಡೆಗೆ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ನಿಮ್ಮ ದಿನವೇ ಬದಲಾಗುತ್ತದೆ. ವಿಶ್ವವಿದ್ಯಾಲಯದ ಹೆಚ್ಚಿನ ವಿದ್ಯಾರ್ಥಿಗಳು ಆಮ್ಹರ್ಸ್ಟ್ ಸುತ್ತಮುತ್ತ ಇರುತ್ತಾರೆ. ನೀವೂ ಅಲ್ಲಿದ್ದರೆ ನೈಋತ್ಯ ಗಾಳಿ ಅನ್ನುವ ಮಾತು ಕಿವಿಗೆ ಬಿದ್ದಾಗ ಎಚ್ಚರ ಆಗಿ.

ಸರೋವರ ಹೆಪ್ಪುಗಟ್ಟಿದ ಮೇಲೆ ಚಿಂತೆ ಇಲ್ಲ ಅಲ್ವಾ?

ಅರ್ಧ ನಿಜ. ಎರಿ ಸರೋವರದ ಸರಾಸರಿ ಆಳ ಬರೀ 19 ಮೀಟರ್. ಹಾಗಾಗಿ ಚಳಿ ಜೋರಾದ ವರ್ಷಗಳಲ್ಲಿ ಜನವರಿ ಕೊನೆಯ ಹೊತ್ತಿಗೆ ಬಹುಭಾಗ ಮಂಜುಗಡ್ಡೆಯಾಗುತ್ತದೆ, ತೇವ ಸಿಗುವುದು ನಿಂತು ಲೇಕ್ ಎಫೆಕ್ಟ್ ತಗ್ಗುತ್ತದೆ. ಒಂಟಾರಿಯೋ ಸರೋವರ ತುಂಬಾ ಆಳ, ಸರಾಸರಿ 86 ಮೀಟರ್. ಅದು ಪೂರ್ತಿ ಹೆಪ್ಪುಗಟ್ಟುವುದೇ ಅಪರೂಪ. ಆ ಸರೋವರದ ಹಿಮ ಬೀಳುವ ಸಿರಕ್ಯೂಸ್‌ನಲ್ಲಿರುವ ಗೆಳೆಯರಿಗೆ ಮಾರ್ಚ್‌ವರೆಗೂ ಬಿಡುವಿಲ್ಲದಿರುವುದು ಇದಕ್ಕೇ.

ಇನ್ನರ್ಧ 1977ರ ಕಥೆ. ಆ ಸಲ ಸರೋವರ ಡಿಸೆಂಬರ್‌ನಲ್ಲೇ ಹೆಪ್ಪುಗಟ್ಟಿತ್ತು. ಅದರ ಮೇಲೆ ವಾರಗಟ್ಟಲೆ ಪುಡಿ ಹಿಮ ಕೂತಿತ್ತು. ಜನವರಿ 28ರಂದು ಬಿರುಗಾಳಿ ಎದ್ದಿತು. ಆ ನಾಲ್ಕೈದು ದಿನದಲ್ಲಿ ಆಕಾಶದಿಂದ ಹೊಸದಾಗಿ ಬಿದ್ದದ್ದು ಸುಮಾರು 12 ಇಂಚು ಮಾತ್ರ. ಉಳಿದದ್ದನ್ನೆಲ್ಲ ಗಾಳಿ ಸರೋವರದ ಮೇಲಿಂದ ಎತ್ತಿ ತಂದು ಊರಿನ ಮೇಲೆ ಸುರಿಯಿತು. 29 ಜನ ಸತ್ತರು. ಗಾಳಿಗೂ ಹಿಮಕ್ಕೂ ಸಮನಾಗಿ ಹೆದರಬೇಕು ಎಂದು ಇಲ್ಲಿನ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಫೋನಿನಲ್ಲಿ ಹವಾಮಾನದ ಆ್ಯಪ್ ಇದೆ. ಅದು ಸಾಲದಾ?

ಇವತ್ತು ಕೋಟು ಬೇಕಾ ಎಂದು ತಿಳಿಯಲು ಸಾಕು. ಇವತ್ತು ಕಾರು ತೆಗೆಯಬಹುದಾ ಎಂದು ತಿಳಿಯಲು ಸಾಲದು. ಆ್ಯಪ್ ಕೊಡುವುದು ಒಂದು ಅಂಕಿ. ಅದರ ಹಿಂದಿನ ಅನುಮಾನ, ಪಟ್ಟಿ ಎತ್ತ ಸರಿಯಬಹುದು ಎಂಬ ಲೆಕ್ಕಾಚಾರ ಅದರಲ್ಲಿ ಕಾಣುವುದಿಲ್ಲ.

ನಾನು ನೋಡುವ ಕ್ರಮ ಹೀಗಿದೆ. ಮೊದಲು ಹವಾಮಾನ ಸೇವೆಯ ಬಫಲೋ ಕಚೇರಿಯವರು ದಿನವೂ ಬರೆಯುವ ಮುನ್ಸೂಚನೆಯ ಚರ್ಚೆ. ಮುನ್ಸೂಚನೆ ಮಾಡಿದವರೇ ತಮಗೆ ಎಲ್ಲಿ ಖಾತ್ರಿ ಇದೆ, ಎಲ್ಲಿ ಇಲ್ಲ ಎಂದು ಮಾತಿನಲ್ಲಿ ಬರೆದಿರುತ್ತಾರೆ. ಮೊದಲ ವಾರ ಅರ್ಥವಾಗುವುದು ಕಷ್ಟ, ಆಮೇಲೆ ರೂಢಿಯಾಗುತ್ತದೆ. ಆಮೇಲೆ ರೇಡಾರ್. ಆದರೆ ಒಂದು ವಿಷಯ ನೆನಪಿಡಿ: ಲೇಕ್ ಎಫೆಕ್ಟ್ ಮೋಡ ತಗ್ಗಿನಲ್ಲಿರುತ್ತದೆ. ರೇಡಾರ್ ಕಿರಣ ದೂರ ಹೋದಷ್ಟೂ ಮೇಲೇರುತ್ತದೆ. ಹಾಗಾಗಿ ದೂರದ ಊರುಗಳಲ್ಲಿ ಹಿಮ ಬೀಳುತ್ತಿದ್ದರೂ ರೇಡಾರ್‌ನಲ್ಲಿ ಏನೂ ಕಾಣದಿರಬಹುದು.

ಇದಕ್ಕೆ ಪರಿಹಾರ ನ್ಯೂಯಾರ್ಕ್ ಸ್ಟೇಟ್ ಮೆಸೋನೆಟ್. ಆಲ್ಬನಿ ವಿಶ್ವವಿದ್ಯಾಲಯ ನಡೆಸುವ ಈ ಜಾಲದಲ್ಲಿ ರಾಜ್ಯದಾದ್ಯಂತ ನೂರಿಪ್ಪತ್ತಕ್ಕೂ ಹೆಚ್ಚು ಹವಾಮಾನ ಕೇಂದ್ರಗಳಿವೆ. ಗಾಳಿ, ಉಷ್ಣತೆ, ಹಿಮದ ಆಳದ ಜೊತೆಗೆ ಕ್ಯಾಮೆರಾ ಚಿತ್ರವೂ ಸಿಗುತ್ತದೆ. ನಿಮಗಿಂತ ಪಶ್ಚಿಮಕ್ಕಿರುವ ಕೇಂದ್ರದ ಚಿತ್ರ ಬೆಳ್ಳಗಾಗಿದ್ದರೆ ಮುಂದಿನ ಸರದಿ ಯಾರದೆಂದು ಗೊತ್ತಾಗುತ್ತದಲ್ಲ! ರಸ್ತೆ ಸ್ಥಿತಿಗೆ ರಾಜ್ಯದ 511 ಸೇವೆ ನೋಡಿ.

ವಾಚ್, ವಾರ್ನಿಂಗ್, ಅಡ್ವೈಸರಿ: ಇವುಗಳಲ್ಲಿ ಯಾವುದಕ್ಕೆ ಹೆದರಬೇಕು?

ವಾಚ್ ಅಂದರೆ ದೊಡ್ಡದೇನೋ ಬರುವ ಸಾಧ್ಯತೆ ಇದೆ, ತಯಾರಾಗಿ. ವಾರ್ನಿಂಗ್ ಅಂದರೆ ಬಂದಿದೆ ಅಥವಾ ಬರುವುದು ಬಹುತೇಕ ಖಚಿತ. ಅಡ್ವೈಸರಿ ಅಂದರೆ ತೊಂದರೆ ಇದೆ, ಆದರೆ ವಾರ್ನಿಂಗ್‌ನಷ್ಟು ದೊಡ್ಡದಲ್ಲ. ವಾಚ್ ಬಂದ ದಿನವೇ ದಿನಸಿ, ಔಷಧಿ, ಪೆಟ್ರೋಲ್ ಮುಗಿಸಿಕೊಳ್ಳಿ. ವಾರ್ನಿಂಗ್ ಬಂದ ಮೇಲೆ ಅಂಗಡಿಗೆ ಓಡುವುದು ತಡವಾಯಿತು.

ಬ್ಲಿಜರ್ಡ್ ವಾರ್ನಿಂಗ್ ಬೇರೆಯೇ ಮಾತು. ಗಾಳಿ ಗಂಟೆಗೆ 35 ಮೈಲಿ ಅಥವಾ ಹೆಚ್ಚು, ಕಾಲು ಮೈಲಿಯಾಚೆ ಏನೂ ಕಾಣದ ಸ್ಥಿತಿ, ಅದೂ ಮೂರು ಗಂಟೆ ಮುಂದುವರಿದರೆ ಬ್ಲಿಜರ್ಡ್. 2022ರ ಡಿಸೆಂಬರ್ 23ರಂದು ಶುರುವಾದದ್ದು ವಿಮಾನ ನಿಲ್ದಾಣದಲ್ಲಿ 37 ಗಂಟೆ ಹಾಗೇ ಇತ್ತು. ಬಫಲೋ ಇರುವ ಎರಿ ಕೌಂಟಿ (ಜಿಲ್ಲೆ) ಒಂದರಲ್ಲೇ 47 ಜನ ತೀರಿಕೊಂಡರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಹೀಟರ್ ನಿಂತುಹೋದ ಮನೆಯಲ್ಲಿ. ಆ್ಯಂಬುಲೆನ್ಸ್, ಅಗ್ನಿಶಾಮಕ ಗಾಡಿಗಳೇ ಹಿಮದಲ್ಲಿ ಸಿಕ್ಕಿಕೊಂಡಿದ್ದವು. ಕರೆ ಮಾಡಿದರೂ ಯಾರೂ ಬರಲಾಗದ ಪರಿಸ್ಥಿತಿ. ಕೌಂಟಿಯವರು ಟ್ರಾವೆಲ್ ಬ್ಯಾನ್ ಹಾಕಿದರೆ ಗಾಡಿ ತೆಗೆಯುವುದು ಕಾನೂನಿಗೆ ವಿರುದ್ಧ. ನನ್ನ ಮಾತು ಇಷ್ಟೇ: ಬ್ಯಾನ್ ಬರುವವರೆಗೆ ಕಾಯಬೇಡಿ. ಬ್ಲಿಜರ್ಡ್ ವಾರ್ನಿಂಗ್ ಇದ್ದರೆ ಕೆಲಸದ ಮೇಲಧಿಕಾರಿ ಕರೆದರೂ, ಹಬ್ಬದ ಊಟ ಇದ್ದರೂ ಹೊರಡಬೇಡಿ.

ಉಷ್ಣತೆ ಒಂದು ಹೇಳುತ್ತಾರೆ, ವಿಂಡ್ ಚಿಲ್ ಅಂತ ಇನ್ನೊಂದು ಹೇಳುತ್ತಾರೆ. ಯಾವುದನ್ನು ನೋಡಲಿ?

ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನಿಸುತ್ತದೆ ಎಂಬ ಲೆಕ್ಕವೇ ವಿಂಡ್ ಚಿಲ್. ಮೈಗೆ ಸಂಬಂಧಪಟ್ಟಿದ್ದಕ್ಕೆ ಅದನ್ನು ನೋಡಿ. ನೀರಿನ ಪೈಪು, ಕಾರಿನ ಬ್ಯಾಟರಿಗೆ ನಿಜವಾದ ಉಷ್ಣತೆ. ಗಾಳಿ ನಮ್ಮ ಚರ್ಮದ ಸುತ್ತಲಿನ ಬೆಚ್ಚನೆ ಪದರವನ್ನು ಹೊತ್ತೊಯ್ಯುತ್ತದೆ, ಶಾಖ ಬೇಗ ಹೋಗುತ್ತದೆ. ಫ್ಯಾರನ್‌ಹೀಟ್‌ನಲ್ಲಿ ಸೊನ್ನೆ, ಗಾಳಿ 15 ಮೈಲಿ ವೇಗ ಇದ್ದರೆ ವಿಂಡ್ ಚಿಲ್ ಮೈನಸ್ 19. ಅಂಥಲ್ಲಿ ಮುಚ್ಚದ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಫ್ರಾಸ್ಟ್‌ಬೈಟ್ (ಚರ್ಮ ಹೆಪ್ಪುಗಟ್ಟಿ ಹಾಳಾಗುವುದು) ಆಗಬಹುದು. ಕಿವಿ, ಮೂಗು, ಬೆರಳ ತುದಿ ಮೊದಲು. ಮರಗಟ್ಟಿದ ಬೆರಳನ್ನು ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ. ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಬಣ್ಣ ಬಿಳಿಚಿಕೊಂಡು ಸ್ಪರ್ಶವೇ ಗೊತ್ತಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮನೆಯಲ್ಲೇ ಹಿಮ ಅಳೆಯಬಹುದಾ? ಹೇಗೆ?

ಖಂಡಿತ. ನನಗೆ ಇದು ಬಹಳ ಇಷ್ಟದ ಪ್ರಶ್ನೆ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರು ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಇದೂ ಅದೇ ಥರದ ಕೆಲಸ.

ಬೇಕಾಗಿರುವುದು ಬಿಳಿ ಬಣ್ಣ ಹೊಡೆದ ಒಂದು ಪ್ಲೈವುಡ್ ತುಂಡು, ಸುಮಾರು 16 ಇಂಚು ಚೌಕ, ಮತ್ತು ಇಂಚಿನ ಹತ್ತನೇ ಒಂದು ಭಾಗದ ಗುರುತಿರುವ ಸ್ಕೇಲು. ಹಲಗೆಯನ್ನು ಗೋಡೆ, ಮರ, ಬೇಲಿಯಿಂದ ದೂರ, ಗಾಳಿ ಹಿಮವನ್ನು ಗುಡ್ಡೆ ಹಾಕದ ಕಡೆ ಇಡಿ. ಪಕ್ಕದಲ್ಲಿ ಒಂದು ಕೋಲು ನೆಡಿ, ಇಲ್ಲದಿದ್ದರೆ ಹಿಮದಡಿ ಹಲಗೆ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ಸ್ಕೇಲನ್ನು ನೇರವಾಗಿ ಇಳಿಸಿ ಅಳೆಯಿರಿ, ಹಲಗೆ ಒರೆಸಿ ಮತ್ತೆ ಹೊಸ ಹಿಮದ ಮೇಲೆ ಇಡಿ. ಇದು ಹೊಸ ಹಿಮದ ಲೆಕ್ಕ. ನೆಲದ ಮೇಲೆ ಹಳೆಯದು ಹೊಸದು ಸೇರಿ ಎಷ್ಟು ನಿಂತಿದೆ ಎಂಬುದು ಬೇರೆ ಲೆಕ್ಕ, ಅದಕ್ಕೆ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಎರಡನ್ನೂ ಬೆರೆಸಬೇಡಿ. ಹತ್ತನೇ ಒಂದು ಇಂಚಿಗಿಂತ ಕಡಿಮೆ ಬಿದ್ದರೆ ಟ್ರೇಸ್ ಎಂದು ಬರೆಯಿರಿ, ಸೊನ್ನೆ ಎಂದಲ್ಲ.

ಹುಮ್ಮಸ್ಸಿನಲ್ಲಿ ಗಂಟೆಗೊಮ್ಮೆ ಅಳೆದು ಕೂಡಿಸಬೇಡಿ. ಹಿಮ ಬಿದ್ದ ಹಾಗೆ ತನ್ನ ಭಾರಕ್ಕೇ ಕುಸಿಯುತ್ತದೆ. ಪದೇ ಪದೇ ಒರೆಸಿ ಅಳೆದರೆ ಒಟ್ಟು ಮೊತ್ತ ನಿಜಕ್ಕಿಂತ ಜಾಸ್ತಿ ಬರುತ್ತದೆ. ಅದಕ್ಕೇ ಆರು ಗಂಟೆಗೊಂದು ಸಲಕ್ಕಿಂತ ಹೆಚ್ಚು ಹಲಗೆ ಒರೆಸಬಾರದೆಂಬ ನಿಯಮ ಇದೆ.

ಇನ್ನೊಂದು ಸ್ವಾರಸ್ಯ ಹಿಮದೊಳಗಿನ ನೀರು. ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು ಎಂಬುದು ಸಾಮಾನ್ಯ ಅಂದಾಜು. ನಮ್ಮ ಲೇಕ್ ಎಫೆಕ್ಟ್ ಹಿಮ ಹಗುರ, ಇಪ್ಪತ್ತು ಇಂಚಿಗೆ ಒಂದು ಇಂಚು ನೀರು ಬಂದರೂ ಆಶ್ಚರ್ಯವಿಲ್ಲ. ಸಲಿಕೆ ಹಿಡಿದಾಗ ಸೊಂಟಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಚಾವಣಿ ಮೇಲಿನ ಭಾರ, ಕರಗಿದಾಗ ಬರುವ ಪ್ರವಾಹ, ಎಲ್ಲಕ್ಕೂ ಈ ನೀರಿನ ಲೆಕ್ಕವೇ ಮುಖ್ಯ.

ಅಳೆದದ್ದನ್ನು ಯಾರಿಗೆ ಕೊಡುವುದು? ಅದರಿಂದ ಏನು ಪ್ರಯೋಜನ?

ಕೊಕೊರಾಸ್ (CoCoRaHS) ಎಂಬ ಸ್ವಯಂಸೇವಕರ ಜಾಲ ಇದೆ. 1997ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ದೊಡ್ಡ ಪ್ರವಾಹ ಬಂತು. ಊರಿನ ಒಂದು ಕಡೆ ಭಾರೀ ಮಳೆ, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಕಡಿಮೆ. ಆ ಅನುಭವದಿಂದ ಮರುವರ್ಷ ಹುಟ್ಟಿದ್ದು ಈ ಜಾಲ. ನಾಲ್ಕು ಇಂಚು ಅಗಲದ ಮಳೆ ಮಾಪಕ ಕೊಂಡು ಸ್ವಲ್ಪ ತರಬೇತಿ ಪಡೆದರೆ ಯಾರು ಬೇಕಾದರೂ ಸೇರಬಹುದು, ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ.

ನಿಮ್ಮ ಅಂಕಿ ವಿಮಾನ ನಿಲ್ದಾಣದ ಅಂಕಿಗೆ ಹೊಂದದಿದ್ದರೆ ತಪ್ಪಾಗಿದೆ ಎಂದುಕೊಳ್ಳಬೇಡಿ. ಮೇಲೆ ಹೇಳಿದ ಹಾಗೆ ಪಟ್ಟಿ ಕಿರಿದು, ಒಂದು ಕೇಂದ್ರ ಇಡೀ ಜಿಲ್ಲೆಯನ್ನು ಹೇಳಲಾರದು. ರೇಡಾರ್ ಕಾಣದಿದ್ದದ್ದನ್ನು ನಿಮ್ಮ ಹಲಗೆ ಕಂಡಿರುತ್ತದೆ. ಹವಾಮಾನ ಕಚೇರಿಯವರು ಈ ಅಂಕಿಗಳನ್ನು ನಿಜವಾಗಿ ಬಳಸುತ್ತಾರೆ. ಸೊನ್ನೆ ಬಿದ್ದ ದಿನ ಸೊನ್ನೆ ಎಂದು ಕಳಿಸುವುದೂ ಅಷ್ಟೇ ಮುಖ್ಯ.

ಯಾವ ಬಟ್ಟೆ ತೆಗೆದುಕೊಳ್ಳಲಿ? ಊರಿಂದಲೇ ತರಲಾ?

ಊರಿಂದ ತರಬೇಡಿ, ಇಲ್ಲಿಯೇ ಕೊಳ್ಳಿ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಮೇಲು. ಒಳಗೆ ಹತ್ತಿ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಹಣ ಉಳಿಸಬೇಕೆಂದಿದ್ದರೆ ಜಾಕೆಟ್‌ನಲ್ಲಿ ಉಳಿಸಿ, ಬೂಟಿನಲ್ಲಿ ಬೇಡ. ಕಾಲು ಒದ್ದೆಯಾದರೆ ಮುಗಿಯಿತು. ಮಕ್ಕಳನ್ನು ಕಾರ್ ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಜಾಕೆಟ್ ತೆಗೆದು ಬೆಲ್ಟ್ ಬಿಗಿದು, ಆಮೇಲೆ ಮೇಲಿಂದ ಹೊದಿಸಿ. ಜಾಕೆಟ್ ಮೇಲೆ ಬೆಲ್ಟ್ ಹಾಕಿದರೆ ಅದು ಸಡಿಲವೇ.

ಮನೆಯೊಳಗೆ ಏನು ಜೋಪಾನ ಮಾಡಬೇಕು?

ಎಲ್ಲಕ್ಕಿಂತ ಮೊದಲು ಕಾರ್ಬನ್ ಮೊನಾಕ್ಸೈಡ್. ಮನೆ ಬೆಚ್ಚಗಿಡುವ ಈಗಿನ ಫರ್ನೇಸ್‌ಗಳ ಹೊಗೆ ಕೊಳವೆ ಹೆಚ್ಚಾಗಿ ಮನೆಯ ಪಕ್ಕದ ಗೋಡೆಯಿಂದ, ನೆಲದಿಂದ ಸ್ವಲ್ಪವೇ ಮೇಲೆ ಹೊರಬರುತ್ತದೆ. ಹಿಮ ಗುಡ್ಡೆಯಾಗಿ ಅದನ್ನು ಮುಚ್ಚಿದರೆ ಫರ್ನೇಸ್ ನಿಲ್ಲಬಹುದು, ಅಥವಾ ವಿಷಾನಿಲ ಒಳಗೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗಲೇ ಹೋಗಿ ನಿಮ್ಮ ಕೊಳವೆ ಎಲ್ಲಿದೆ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಈ ಅನಿಲ ಬಂದರೆ ಕೂಗುವ ಡಿಟೆಕ್ಟರ್‌ನ ಬ್ಯಾಟರಿ ಪರೀಕ್ಷಿಸಿ.

ಕರೆಂಟ್ ಹೋದಾಗ ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಕಾಯಿಸಬೇಡಿ, ಇದ್ದಿಲ ಗ್ರಿಲ್ ಒಳಗೆ ತರಬೇಡಿ. ಜನರೇಟರ್ ಮನೆಯಿಂದ 20 ಅಡಿ ದೂರ ಇರಲಿ. ಎಲ್ಲರೂ ಒಂದೇ ಕೋಣೆಗೆ ಸೇರಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಹೊದ್ದು ಕೂರಿ.

ಡಿಸೆಂಬರ್ ರಜೆಗೆ ಊರಿಗೆ ಹೋಗುವಾಗ ಬಿಲ್ ಉಳಿಸಲು ಹೀಟರ್ ಪೂರ್ತಿ ಆರಿಸಿ ಹೋಗುವವರಿದ್ದಾರೆ. ದಯವಿಟ್ಟು ಬೇಡ. ಪೈಪು ಒಡೆದರೆ ಮನೆಯೆಲ್ಲ ನೀರು. 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ.

ಸಲಿಕೆ, ಉಪ್ಪು: ಇದರಲ್ಲೇನಾದರೂ ಉಪಾಯ ಇದೆಯಾ?

ಸ್ವಲ್ಪ ಸ್ವಲ್ಪವೇ, ಬೀಳುತ್ತಿರುವಾಗಲೇ ತೆಗೆಯಿರಿ. ಎತ್ತುವುದಕ್ಕಿಂತ ತಳ್ಳಿ. ಹೃದಯದ ತೊಂದರೆ ಇರುವವರು, ವರ್ಷವೆಲ್ಲ ಕುಳಿತೇ ಕೆಲಸ ಮಾಡುವ ನಡುವಯಸ್ಸಿನವರು ದುಡ್ಡು ಕೊಟ್ಟು ತೆಗೆಸಿ. ಹಿಮ ತೆಗೆಯುವಾಗ ಹೃದಯಾಘಾತ ಆಗುವುದು ಇಲ್ಲಿ ಪ್ರತಿ ವರ್ಷದ ಸುದ್ದಿ. ಸಾಮಾನ್ಯ ಕಲ್ಲುಪ್ಪು ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿಯಿದ್ದರೆ ಕ್ಯಾಲ್ಶಿಯಂ ಕ್ಲೋರೈಡ್ ಕೇಳಿ ತನ್ನಿ.

ಕಾರು ಹಿಮದಲ್ಲಿ ಸಿಕ್ಕಿಕೊಂಡರೆ?

ಕಾರು ಬಿಟ್ಟು ನಡೆಯಬೇಡಿ. ಬಿಳಿ ಗಾಳಿಯಲ್ಲಿ ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಮೊದಲು ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಕಿಟಕಿ ಚೂರು ತೆರೆದಿಡಿ. ನವೆಂಬರ್‌ನಿಂದಲೇ ಡಿಕ್ಕಿಯಲ್ಲಿ ಕಂಬಳಿ, ಚಿಕ್ಕ ಸಲಿಕೆ, ನೀರು, ಚಕ್ಕುಲಿಯೋ ಬಿಸ್ಕತ್ತೋ ಇರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ. ಆಲ್ ಸೀಸನ್ ಟೈರ್ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ವಿಂಟರ್ ಟೈರ್ ಹಾಕಿಸಿ.

ಮೊಸರು ಹೆಪ್ಪಾಗುತ್ತಿಲ್ಲ, ದೋಸೆ ಹಿಟ್ಟು ಹುಳಿ ಬರುತ್ತಿಲ್ಲ. ಏನು ಮಾಡಲಿ?

ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಅದರೊಳಗೆ ಇಡಿ. ರಾತ್ರಿ ಇಟ್ಟರೆ ಬೆಳಿಗ್ಗೆ ಸಿದ್ಧ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ರೂಮ್‌ಮೇಟ್ ನೋಡದೆ ಓವನ್ ಬಿಸಿ ಮಾಡಿಬಿಟ್ಟಾರು. ತುಳಸಿ ಗಿಡವನ್ನು ಸೆಪ್ಟೆಂಬರ್ ಕೊನೆಗೇ ಒಳಗೆ ತಂದು ದಕ್ಷಿಣದ ಕಿಟಕಿ ಹತ್ತಿರ ಇಡಿ, ಆದರೆ ಗಾಜಿಗೆ ಎಲೆ ತಾಗದಿರಲಿ.

ಅಪ್ಪ ಅಮ್ಮನನ್ನು ಚಳಿಗಾಲದಲ್ಲಿ ಕರೆಸಿಕೊಳ್ಳಬಹುದಾ?

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಕರೆಸಿಕೊಳ್ಳಿ. ಬಾಣಂತನಕ್ಕೋ ಮತ್ತೊಂದಕ್ಕೋ ಚಳಿಗಾಲದಲ್ಲೇ ಬರಬೇಕಾದರೆ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಕೊಡಿಸಿ. ಅವರಿಗೆ ಚಳಿಗಿಂತ ಜಾರುವುದೇ ಅಪಾಯ. ಹಗಲು ಮನೆಯಲ್ಲಿ ಒಬ್ಬರೇ ಇರುವಾಗ ಕರೆ ಮಾಡಲು ಅಕ್ಕಪಕ್ಕದ ಒಬ್ಬರ ನಂಬರ್ ಗೋಡೆಗೆ ಅಂಟಿಸಿ.

ನವೆಂಬರ್ ಬಂದ ಮೇಲೆ ಮನಸ್ಸು ಕುಗ್ಗುತ್ತದೆ. ನನಗೊಬ್ಬನಿಗೇ ಹೀಗಾ?

ಇಲ್ಲ, ಬಹಳ ಜನರಿಗೆ ಹೀಗಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು. ಸರೋವರದ ಮೋಡ ಇರುವ ಅಲ್ಪ ಬೆಳಕನ್ನೂ ನುಂಗುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೋಡವಿದ್ದರೂ ಅರ್ಧ ಗಂಟೆ ಹೊರಗೆ ನಡೆಯಿರಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ಯಾರ ಮನೆಯಲ್ಲಾದರೂ ಸೇರಿ ಉಣ್ಣಿ. ನಿದ್ದೆ, ಊಟ, ಓದು ಎಲ್ಲ ಕೆಟ್ಟು ಎರಡು ವಾರ ದಾಟಿದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೋ ಡಾಕ್ಟರನ್ನೋ ನೋಡಿ. ಊರಿನವರು ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಟ್ಟುಕೊಂಡು ಸೊರಗಬೇಡಿ. ಅದಕ್ಕೆ ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ.

ಇದೆಲ್ಲ ಯಾವಾಗ ಮುಗಿಯುತ್ತದೆ?

ಏಪ್ರಿಲ್‌ನಲ್ಲೂ ಬೀಳುತ್ತದೆ. ವಿಂಟರ್ ಟೈರ್ ಏಪ್ರಿಲ್ ಮಧ್ಯದವರೆಗೆ ಇರಲಿ. ಶುರುವಾಗುವುದೂ ಹೇಳಿ ಕೇಳಿ ಅಲ್ಲ. 2006ರಲ್ಲಿ ಅಕ್ಟೋಬರ್ 12, 13ರಂದೇ ಎರಡಡಿ ಹತ್ತಿರ ಬಿತ್ತು. ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ, ಒದ್ದೆ ಹಿಮದ ಭಾರಕ್ಕೆ ಕೊಂಬೆಗಳು ಮುರಿದು ಕರೆಂಟ್ ತಂತಿಗಳ ಮೇಲೆ ಬಿದ್ದವು. ಲಕ್ಷಾಂತರ ಜನ ದಿನಗಟ್ಟಲೆ ಕತ್ತಲಲ್ಲಿದ್ದರು. ಆದ್ದರಿಂದ ಹಿಮದ ಹಲಗೆಯನ್ನು ಅಕ್ಟೋಬರ್ ಮೊದಲ ವಾರಕ್ಕೇ ಹೊರಗಿಡಿ. ಮಳೆ ಮಾಪಕದ ಒಳಗಿನ ಸಣ್ಣ ಕೊಳವೆ ಮತ್ತು ಆಲಿಕೆಯನ್ನು ನೀರು ಹೆಪ್ಪುಗಟ್ಟುವ ರಾತ್ರಿಗಳು ಶುರುವಾಗುವ ಮೊದಲೇ ತೆಗೆದು ಒಳಗಿಡಿ, ಇಲ್ಲದಿದ್ದರೆ ಸೀಳಿಹೋಗುತ್ತದೆ. ಮತ್ತೆ ಹಾಕುವುದು ಮೇ ತಿಂಗಳಲ್ಲಿ.